ಎಮರಿ ಪೇಪರ್ ಉಜ್ಜಿದ ತಪ್ಪು, ಅದರ ಹಿಂದಿನ ನೂರು ವರ್ಷ

ಮೊದಲ ಫೋಟೋದಲ್ಲಿರೋ ಶಾಫ್ಟ್ ನೋಡಿ. ಬೇರಿಂಗ್ ಕೂರೋ ಜಾಗದಲ್ಲೆಲ್ಲ ಗೀರು, ಕಂದು ಪುಡಿ. ಅದು ನನ್ನದೇ ಕೈಚಳಕ.

ಕಳೆದ ರಜೆಯಲ್ಲಿ ಮಾವನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಬಿಲ್ ಬರೀತಾ ಕೂತಿದ್ದೆ. ಮಾವ ಊಟಕ್ಕೆ ಹೋದ್ರು. ಅಷ್ಟರಲ್ಲಿ ಒಂದು ಪಂಪ್ ಮೋಟಾರ್‌ಗೆ ಹೊಸ ಬೇರಿಂಗ್ ಹಾಕಿಬಿಡೋಣ ಅಂತ ಹೊರಟೆ. 6205 ನಂಬರ್, ಅಂದ್ರೆ ಒಳವ್ಯಾಸ 25 ಮಿ.ಮೀ. ಶಾಫ್ಟೂ 25. ಆದ್ರೂ ಒಳಗೆ ಹೋಗ್ತಿಲ್ಲ! ಎಮರಿ ಪೇಪರ್ ತಗೊಂಡು ಚೆನ್ನಾಗಿ ಉಜ್ಜಿದೆ. ಬೆಣ್ಣೆ ಥರ ಇಳೀತು. ಮೂರು ವಾರಕ್ಕೆ ಮೋಟಾರ್ ವಾಪಸ್. ಅದು ರಿಪೇರಿ ಆಗೋ ತನಕ ಆ ರೈತರ ತೋಟಕ್ಕೆ ನೀರಿಲ್ಲ. ಶಾಫ್ಟ್‌ಗೆ ವೆಲ್ಡಿಂಗ್ ತುಂಬಿಸಿ ಲೇತ್‌ನಲ್ಲಿ ಕಡೆಸಿದ ಖರ್ಚು ಮಾವನ ತಲೆಗೆ. ಪುಸ್ತಕದಲ್ಲಿ ಆ ಎಂಟ್ರಿ ಬರೆದಿದ್ದೂ ನಾನೇ.

ತಪ್ಪು ಎಲ್ಲಾಯ್ತು ಅಂತ ಹುಡುಕ್ತಾ ಹೋದ್ರೆ ಸಿಕ್ಕಿದ್ದು ಇತಿಹಾಸ.

ಬಿಗಿಯಾಗಿ ಕೂರಿಸೋ ವಿದ್ಯೆ ಹಳೇದು. ನಮ್ಮ ಎತ್ತಿನ ಬಂಡಿಯ ಗಾಲಿ ನೆನಪಿಸಿಕೊಳ್ಳಿ. ಕಬ್ಬಿಣದ ಪಟ್ಟಿಯನ್ನ ಗಾಲಿಗಿಂತ ಚೂರು ಚಿಕ್ಕದಾಗಿ ಮಾಡಿ, ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ ನೀರು ಸುರೀತಿದ್ರು. ತಣ್ಣಗಾದ್ರೆ ಮರವನ್ನ ಹಿಂಡಿ ಹಿಡ್ಕೊಳ್ತಿತ್ತು. ‘ಚೂರು ಚಿಕ್ಕದು’ ಅಂದ್ರೆ ಎಷ್ಟು? ಅದು ಕಮ್ಮಾರನ ಕಣ್ಣಲ್ಲಿ ಮಾತ್ರ ಇತ್ತು. ಗಾಲಿ, ಪಟ್ಟಿ ಎರಡೂ ಅವನ ಮುಂದೇನೇ ಇರ್ತಿದ್ವು, ಹಾಗಾಗಿ ನಡೀತಿತ್ತು.

ಬೇರಿಂಗ್ ವಿಷಯದಲ್ಲಿ ಅದು ನಡೆಯಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಒಂದು ಬಟ್ಟೆ ಗಿರಣಿಯಲ್ಲಿ ಸ್ವೆನ್ ವಿಂಗ್‌ಕ್ವಿಸ್ಟ್ ಅನ್ನೋ ಎಂಜಿನಿಯರ್ ಇದ್ದ. ಬೇರಿಂಗ್ ಪದೇ ಪದೇ ಹಾಳಾಗೋದು ನೋಡಿ ಬೇಸತ್ತು ತಾನೇ ಹೊಸದೊಂದನ್ನ ರೂಪಿಸಿದ. 1907ರಲ್ಲಿ ಎಸ್‌ಕೆಎಫ್ ಕಂಪನಿ ಶುರುವಾಯ್ತು. ಬೇರಿಂಗ್ ತಯಾರಾಗೋದು ಸ್ವೀಡನ್‌ನಲ್ಲಿ, ಅದು ಕೂರೋ ಶಾಫ್ಟ್ ಇನ್ನೆಲ್ಲೋ ಸಮುದ್ರದಾಚೆ. ಒಂದನ್ನೊಂದು ನೋಡೇ ಇರಲ್ಲ. ಜಾತಕ ಹೊಂದಿಸೋದು ಹೇಗೆ?

ಮೊದಲು ಎಲ್ಲರ ಅಳತೆ ಒಂದೇ ಆಗ್ಬೇಕಿತ್ತು. ಅದೇ ದೇಶದ ಎಸ್ಕಿಲ್‌ಸ್ಟೂನಾದ ಬಂದೂಕು ಕಾರ್ಖಾನೆಯಲ್ಲಿದ್ದ ಕಾರ್ಲ್ ಎಡ್ವರ್ಡ್ ಯೋಹಾನ್ಸನ್ 102 ಉಕ್ಕಿನ ತುಂಡುಗಳ ಒಂದು ಸೆಟ್ ಮಾಡಿದ. ಅವನ್ನ ಬೇರೆ ಬೇರೆ ಥರ ಜೋಡಿಸಿದ್ರೆ 1ರಿಂದ 201 ಮಿ.ಮೀ. ತನಕ ನೂರನೇ ಒಂದು ಮಿ.ಮೀ. ಹೆಜ್ಜೆಯಲ್ಲಿ 20,000 ಅಳತೆ ಸಿಗುತ್ತೆ. (ಪರ್ಮುಟೇಶನ್ ಕಾಂಬಿನೇಶನ್ ಯಾಕೆ ಕಲೀಬೇಕು ಅಂದೋರು ಇಲ್ಲಿ ನೋಡಿ.) ಬಿಸಿಗೆ ಲೋಹ ಹಿಗ್ಗುತ್ತಲ್ಲ, ಅದಕ್ಕೇ ಎಲ್ಲ ಅಳತೆಯೂ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂತ ಒಪ್ಪಂದ ಆಯ್ತು. ಐಎಸ್‌ಒ ಸಂಸ್ಥೆಯ ಮೊಟ್ಟಮೊದಲ ಶಿಫಾರಸು, 1951ರದ್ದು, ಇದೇ.

ಆಮೇಲೆ ಬಿಗಿತಕ್ಕೇ ಒಂದು ಭಾಷೆ. ಐಎಸ್‌ಒಗಿಂತ ಮೊದಲಿದ್ದ ಐಎಸ್‌ಎ ಸಂಸ್ಥೆ ಕಟ್ಟಿದ ಪದ್ಧತಿ ಇದು, 1962ರಲ್ಲಿ ಐಎಸ್‌ಒ 286 ಆಯ್ತು. ಶಾಫ್ಟ್‌ಗೆ ಚಿಕ್ಕಕ್ಷರ, ರಂಧ್ರಕ್ಕೆ ದೊಡ್ಡಕ್ಷರ, ಪಕ್ಕದಲ್ಲಿ ಒಂದು ಅಂಕಿ. 25 ಮಿ.ಮೀ. ಶಾಫ್ಟ್‌ಗೆ ‘ಕೆ5’ ಅಂದ್ರೆ ಅದು 25ಕ್ಕಿಂತ 2ರಿಂದ 11 ಮೈಕ್ರಾನ್ ದಪ್ಪ ಇರ್ಬೇಕು. ಬೇರಿಂಗ್‌ನ ಒಳವ್ಯಾಸ ಮಾತ್ರ ಉಲ್ಟಾ: 25ಕ್ಕಿಂತ 0ಯಿಂದ 10 ಮೈಕ್ರಾನ್ ಕಮ್ಮಿ. ಎರಡೂ ಸೇರಿದ್ರೆ ಬಿಗಿತ 2ರಿಂದ 21 ಮೈಕ್ರಾನ್. ತಲೆಕೂದಲೇ ಸುಮಾರು 70 ಮೈಕ್ರಾನ್! ನಾನು ಉಜ್ಜಿ ಹಾಕಿದ್ದು ಅದನ್ನೇ.

ಯಾವ ರಿಂಗ್ ಬಿಗಿ ಇರ್ಬೇಕು? ಭಾರ ಒಂದೇ ಕಡೆ ಎಳೀತಿರುವಾಗ ಯಾವ ರಿಂಗ್ ತಿರುಗುತ್ತೋ ಅದು. ಪಂಪ್ ಮೋಟಾರ್‌ನಲ್ಲಿ ಶಾಫ್ಟ್ ಜೊತೆ ತಿರುಗೋದು ಒಳರಿಂಗ್, ಅದು ಬಿಗಿ. ಹೊರರಿಂಗ್ ಕೈಯಲ್ಲಿ ಜಾರಿದ್ರೂ ಪರವಾಗಿಲ್ಲ. ಎತ್ತಿನ ಬಂಡಿ ಥರ ಅಚ್ಚು ನಿಂತು ಗಾಲಿ ತಿರುಗೋ ಕಡೆ ಹೊರರಿಂಗ್ ಬಿಗಿ. ತಪ್ಪಿದ್ರೆ? ಸಡಿಲ ಬಳೆಯೊಳಗೆ ಬೆರಳಿಟ್ಟು ತಿರುಗಿಸಿ ನೋಡಿ. ಬಳೆಯ ಸುತ್ತಳತೆ ಜಾಸ್ತಿ, ಹಾಗಾಗಿ ಪ್ರತಿ ಸುತ್ತಿಗೂ ಚೂರು ಹಿಂದೆ ಬೀಳುತ್ತೆ. ಮೋಟಾರ್‌ನಲ್ಲಿ ಅದು ನಿಮಿಷಕ್ಕೆ ಸಾವಿರಾರು ಸಲ. ಫೋಟೋದ ಕಂದು ಪುಡಿ ಹುಟ್ಟಿದ್ದು ಹಾಗೆ.

ಹಾಗಂತ ಜಾಸ್ತಿ ಬಿಗಿ ಮಾಡೋಕೂ ಆಗಲ್ಲ. ಬಿಗಿತದಿಂದ ಒಳರಿಂಗ್ ಹಿಗ್ಗಿ ಗುಂಡುಗಳಿಗೆ ಇರೋ ಸಂದು ಕಮ್ಮಿ ಆಗುತ್ತೆ. ಸಾಮಾನ್ಯ 6205ರಲ್ಲಿ ಆ ಸಂದೇ 5ರಿಂದ 20 ಮೈಕ್ರಾನ್. ಅದಕ್ಕೇ ಎಷ್ಟೋ ಮೋಟಾರ್‌ಗಳಿಗೆ ‘ಸಿ3’ ಗುರುತಿನದ್ದು ಹಾಕ್ತಾರೆ, ಅದರಲ್ಲಿ 13ರಿಂದ 28.

ಕೂರಿಸುವಾಗ ಪ್ರೆಸ್‌ನ ಒತ್ತಡ ಬಿಗಿಯಾಗೋ ರಿಂಗ್ ಮೇಲೇ ಬೀಳ್ಬೇಕು. ಒಳರಿಂಗ್ ಕೂರಿಸೋಕೆ ಹೊರರಿಂಗ್‌ಗೆ ಹೊಡೆದ್ರೆ ಏಟೆಲ್ಲ ಗುಂಡುಗಳಿಗೆ, ಅವು ಓಡೋ ದಾರಿಯಲ್ಲಿ ಕುಳಿ ಬೀಳುತ್ತೆ. ಇಲ್ಲಾಂದ್ರೆ ಬಂಡಿ ಪಟ್ಟಿಯ ಉಪಾಯ: ಬೇರಿಂಗನ್ನ ಶಾಫ್ಟ್‌ಗಿಂತ 80 ಡಿಗ್ರಿ ಜಾಸ್ತಿ ಬಿಸಿ ಮಾಡಿದ್ರೆ 25 ಮಿ.ಮೀ. ರಂಧ್ರ ಸುಮಾರು 24 ಮೈಕ್ರಾನ್ ಹಿಗ್ಗುತ್ತೆ. ಆ 21 ದಾಟೋಕೆ ಸಾಕು. ರಬ್ಬರ್ ಸೀಲ್ ಇರೋದಕ್ಕೆ ಅಷ್ಟು ಬಿಸಿ ಬೇಡ, ಯಾವುದಕ್ಕೂ ನೇರ ಬೆಂಕಿ ಬೇಡವೇ ಬೇಡ.

ಮಾವ ಬೈಯಲಿಲ್ಲ. ಮೈಕ್ರೋಮೀಟರ್ ಕೈಗೆ ಕೊಟ್ಟು, ಎಮರಿ ಪೇಪರ್ ತಗೊಂಡು ಗಲ್ಲಾಪೆಟ್ಟಿಗೆಗೆ ಹಾಕಿ ಬೀಗ ಹಾಕಿದ್ರು.

ನಿಮ್ಮೂರಲ್ಲಿ ಬಂಡಿ ಗಾಲಿಗೆ ಪಟ್ಟಿ ಹಾಕೋರು ಇನ್ನೂ ಇದ್ದಾರಾ? ಊರಿನ ಹೆಸರು ಕಾಮೆಂಟ್ ಮಾಡಿ, ಫೋಟೋ ಇದ್ರೆ ಕಳ್ಸಿ.

#ವಸ್ತುಗಳ_ಇತಿಹಾಸ #ಬೇರಿಂಗ್ #ಬಿಕಾಂ_ಹುಡುಗನ_ವರ್ಕ್‌ಶಾಪ್