ವಲಸಿಗ ಬಂದರೆ ಕೂಲಿ ಇಳಿಯುತ್ತದೆಯೇ?

ಹೊರಗಿನವರು ಬಂದರೆ ಸ್ಥಳೀಯರ ಕೂಲಿ ಬೀಳುತ್ತದೆ ಎನ್ನುತ್ತದೆ ಒಂದು ಪಕ್ಷ. ಹಾಗೇನೂ ಆಗುವುದಿಲ್ಲ, ನೊಬೆಲ್ ಪಡೆದವರೇ ಅದನ್ನು ಸಾಬೀತು ಮಾಡಿದ್ದಾರೆ ಎನ್ನುತ್ತದೆ ಇನ್ನೊಂದು. ಟಿವಿ ಚರ್ಚೆಗಳಲ್ಲಿ ಮಾತ್ರವಲ್ಲ, ಈಚೆಗೆ ವಿಚಾರಸಂಕಿರಣಗಳಲ್ಲೂ ಇವೆರಡೇ ಮಾತು ಕೇಳುತ್ತಿವೆ. ಕಾರ್ಮಿಕ ಅರ್ಥಶಾಸ್ತ್ರವನ್ನು ಬಹುಕಾಲ ಪಾಠ ಮಾಡಿದ ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಬಂದವರು ಎಷ್ಟು ಜನ ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು, ಅವರು ಯಾವ ಷರತ್ತಿನ ಮೇಲೆ ಬಂದರು ಎಂಬ ಪ್ರಶ್ನೆ. ಈ ಶಾಸ್ತ್ರ ಅದನ್ನು ತಡವಾಗಿ ಕೇಳಿತು.

ಚರ್ಚೆ ಬೆಳೆದದ್ದು ಮುಖ್ಯವಾಗಿ ಅಮೆರಿಕದಲ್ಲಿ. ಚೀನೀ ಕೂಲಿಕಾರರನ್ನು ತಡೆಯುವ ಕಾನೂನು ಅಲ್ಲಿ 1882ರಲ್ಲೇ ಬಂತು. 1907ರಲ್ಲಿ ನೇಮಕವಾದ ಡಿಲ್ಲಿಂಗ್‌ಹ್ಯಾಮ್ ಆಯೋಗ 41 ಸಂಪುಟಗಳ ವರದಿ ಕೊಟ್ಟಿತು. ಅಂಕಿಅಂಶಕ್ಕೆ ಕೊರತೆಯಿರಲಿಲ್ಲ, ವಿಧಾನಕ್ಕಿತ್ತು. 1921 ಮತ್ತು 1924ರ ಕೋಟಾ ಕಾನೂನುಗಳು ಬಾಗಿಲು ಮುಚ್ಚಿದ ಮೇಲೆ ವಿಷಯವೇ ತಣ್ಣಗಾಯಿತು. 1965ರಲ್ಲಿ ಕಾನೂನು ಬದಲಾಗಿ ವಲಸೆ ಮತ್ತೆ ಏರಿದಾಗ ಅರ್ಥಶಾಸ್ತ್ರಜ್ಞರು ಊರು ಊರುಗಳನ್ನು ಹೋಲಿಸತೊಡಗಿದರು. ಆದರೆ ಕೂಲಿ ಏರುತ್ತಿರುವ ಊರಿಗೇ ವಲಸಿಗರು ಹೋಗುತ್ತಾರೆ. ಹೀಗಿರುವಾಗ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಹೇಗೆ?

ಆ ಗಂಟನ್ನು ಬಿಡಿಸಿದ್ದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್. 1980ರ ಏಪ್ರಿಲ್‌ನಲ್ಲಿ ಕ್ಯೂಬಾ ಸರ್ಕಾರ ಮಾರಿಯೆಲ್ ಬಂದರಿನಿಂದ ಹೊರಟುಹೋಗಲು ಜನರಿಗೆ ಅನುಮತಿ ಕೊಟ್ಟಿತು. ಕೆಲವೇ ತಿಂಗಳಲ್ಲಿ ಸುಮಾರು 1,25,000 ಮಂದಿ ದೋಣಿಗಳಲ್ಲಿ ಫ್ಲಾರಿಡಾ ಸೇರಿದರು. ಮಯಾಮಿ ನಗರದ ದುಡಿಯುವವರ ಸಂಖ್ಯೆ ಸುಮಾರು ಶೇ. 7ರಷ್ಟು ಏರಿತು. ಇವರು ಹೊರಟದ್ದು ಮಯಾಮಿಯಲ್ಲಿ ಕೂಲಿ ಹೆಚ್ಚಿದೆಯೆಂದಲ್ಲ, ಕ್ಯೂಬಾದ ರಾಜಕೀಯದ ಕಾರಣಕ್ಕೆ. ಆದ್ದರಿಂದಲೇ ಇದು ಸಹಜ ಪ್ರಯೋಗವಾಯಿತು. ಕಾರ್ಡ್ ಮಯಾಮಿಯನ್ನು ಅಟ್ಲಾಂಟಾ, ಹ್ಯೂಸ್ಟನ್, ಲಾಸ್ ಏಂಜಲೀಸ್, ಟ್ಯಾಂಪಾಗಳ ಜೊತೆ ಹೋಲಿಸಿ ನೋಡಿದರು. ಹೆಚ್ಚು ಓದದ ಕಾರ್ಮಿಕರ ಕೂಲಿಯಲ್ಲಾಗಲಿ ನಿರುದ್ಯೋಗದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 1990ರಲ್ಲಿ ಪ್ರಕಟವಾದ ಆ ಚಿಕ್ಕ ಪ್ರಬಂಧವೇ ನನ್ನ ತಲೆಮಾರಿನವರಿಗೆ ಕೆಲಸ ಕಲಿಸಿತು. 2021ರಲ್ಲಿ ಅವರಿಗೆ ನೊಬೆಲ್ ಬಂದದ್ದು ಇಂಥ ಸಾಕ್ಷ್ಯಾಧಾರಿತ ಕೆಲಸಕ್ಕೆ, ವಲಸೆಯ ಪರ ವಾದ ಮಾಡಿದ್ದಕ್ಕಲ್ಲ.

ಹವಾನಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ ಬಂದ ಜಾರ್ಜ್ ಬೋರ್ಹಾಸ್ ಇದನ್ನು ಒಪ್ಪಲಿಲ್ಲ. ಊರುಗಳನ್ನು ಹೋಲಿಸಿದರೆ ಪರಿಣಾಮ ಚದುರಿಹೋಗುತ್ತದೆ, ಇಡೀ ದೇಶವನ್ನು ನೋಡಬೇಕು ಎಂಬುದು ಅವರ ವಾದ. ದುಡಿಯುವವರ ಸಂಖ್ಯೆ ಶೇ. 10 ಏರಿದರೆ ಕೂಲಿ ಶೇ. 3ರಿಂದ 4 ಇಳಿಯುತ್ತದೆ ಎಂದು 2003ರಲ್ಲಿ ಬರೆದರು. 2017ರಲ್ಲಿ ಮಯಾಮಿಗೇ ಮರಳಿ, ಹೈಸ್ಕೂಲು ಮುಗಿಸದ, ಹಿಸ್ಪಾನಿಕರಲ್ಲದ ಗಂಡಸರ ಕೂಲಿ ಶೇ. 10ರಿಂದ 30ರಷ್ಟು ಕುಸಿದಿತ್ತು ಎಂದರು. ಆದರೆ ಆ ಗುಂಪಿಗೆ ಸೇರುವವರು ಸಮೀಕ್ಷೆಯಲ್ಲಿ ಸಿಗುವುದೇ ತೀರ ಕಡಿಮೆ. ಅದೇ ಹೊತ್ತಿಗೆ ಸಮೀಕ್ಷೆಯ ಮಾದರಿಯಲ್ಲಿ ಕಪ್ಪು ಗಂಡಸರ ಪಾಲು ಹೆಚ್ಚಿತ್ತು. ಅವರ ಕೂಲಿ ಮೊದಲೇ ಕಡಿಮೆಯಿದ್ದುದರಿಂದ ಸರಾಸರಿ ತಾನಾಗಿಯೇ ಇಳಿಯಿತು ಎಂದು ಮೈಕೆಲ್ ಕ್ಲೆಮೆನ್ಸ್ ಮತ್ತು ಜೆನಿಫರ್ ಹಂಟ್ ತೋರಿಸಿದರು. ನನ್ನ ಮಟ್ಟಿಗೆ ಮಯಾಮಿಯ ವಾದ ಅಲ್ಲಿಗೆ ಮುಗಿಯಿತು.

ಹಾಗೆಂದು ಯಾರಿಗೂ ಪೆಟ್ಟು ಬೀಳುವುದಿಲ್ಲ ಎಂದಲ್ಲ. ಅರ್ಥಶಾಸ್ತ್ರಜ್ಞರಾದ ಒಟ್ಟಾವಿಯಾನೊ ಮತ್ತು ಪೆರಿ ತೋರಿಸಿದಂತೆ ಹೊಸ ವಲಸಿಗರಿಂದ ಹೆಚ್ಚು ನಷ್ಟವಾಗುವುದು ಹಳೆಯ ವಲಸಿಗರಿಗೆ. 1990ರ ದಶಕದ ಆರಂಭದಲ್ಲಿ ಗಡಿ ದಾಟಿ ದಿನವೂ ಕೆಲಸಕ್ಕೆ ಬರಲು ಚೆಕ್ ಕಾರ್ಮಿಕರಿಗೆ ಜರ್ಮನಿ ಅವಕಾಶ ಕೊಟ್ಟಾಗ, ಅಲ್ಲಿ ಸ್ಥಳೀಯರ ಕೂಲಿ ಇಳಿದದ್ದು ಅಲ್ಪ, ಉದ್ಯೋಗ ತಗ್ಗಿದ್ದು ಗಣನೀಯ. ಬಂದವರು ಅಲ್ಲಿ ದುಡಿದು ಖರ್ಚನ್ನು ತಮ್ಮೂರಲ್ಲಿ ಮಾಡಿದರು. ‘ಪರಿಣಾಮ ಶೂನ್ಯ’ ಎನ್ನುವವರು ಜರ್ಮನಿಯ ಈ ಪ್ರಸಂಗದ ಅಧ್ಯಯನವನ್ನು ಓದಲೇಬೇಕು.

ಬಾಗಿಲು ಮುಚ್ಚಿದರೇನು ಎಂಬುದಕ್ಕೂ ಉತ್ತರ ಸಿಕ್ಕಿದೆ. ಮೆಕ್ಸಿಕೋದ ಹಂಗಾಮಿ ಕೂಲಿಕಾರರನ್ನು ಕರೆತರುತ್ತಿದ್ದ ಬ್ರಸೇರೊ ಯೋಜನೆಯನ್ನು ಅಮೆರಿಕ 1964ರ ಕೊನೆಗೆ ನಿಲ್ಲಿಸಿತು. ಸ್ಥಳೀಯರ ಕೂಲಿ ಏರೀತೆಂಬುದು ಲೆಕ್ಕಾಚಾರ. ಆದರೆ ಕ್ಯಾಲಿಫೋರ್ನಿಯಾದ ಟೊಮೆಟೊ ಬೆಳೆಗಾರರು ಕೊಯ್ಲು ಯಂತ್ರ ತಂದರು. ಯಂತ್ರ ಸಿಗದ ಕೆಲವು ಬೆಳೆಗಳನ್ನು ಬೆಳೆಯುವುದನ್ನೇ ಕಡಿಮೆ ಮಾಡಿದರು. ಕೂಲಿ ಏರಲಿಲ್ಲ.

ಇನ್ನು ಷರತ್ತಿನ ಪ್ರಶ್ನೆ. ಕೊಲ್ಲಿ ದೇಶಗಳ ಕಫಾಲಾ ಪದ್ಧತಿಯಲ್ಲಿ ಕಾರ್ಮಿಕನ ವೀಸಾ ಮಾಲೀಕನ ಕೈಯಲ್ಲಿರುತ್ತದೆ. ಮಂಗಳೂರು, ಭಟ್ಕಳದ ಕಡೆ ಇದನ್ನು ಯಾರಿಗೂ ವಿವರಿಸಿ ಹೇಳಬೇಕಿಲ್ಲ. 2011ರಲ್ಲಿ ಯುಎಇ, ಕರಾರು ಮುಗಿದವರು ಹಳೆಯ ಮಾಲೀಕನ ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ಸೇರಬಹುದೆಂದಿತು. ಸುರೇಶ್ ನಾಯ್ಡು, ಯಾ ನ್ಯಾರ್ಕೊ, ಶಿಂಗ್-ಯಿ ವಾಂಗ್ ಸಂಬಳ ಪಾವತಿಯ ದಾಖಲೆಗಳನ್ನೇ ತೆಗೆದು ನೋಡಿದರು. ಕರಾರು ಮುಗಿದವರ ಗಳಿಕೆ ಶೇ. 10ಕ್ಕೂ ಹೆಚ್ಚು ಏರಿತ್ತು, ಅವರಲ್ಲಿ ಬಹುಪಾಲು ಅದೇ ಮಾಲೀಕನ ಬಳಿಯೇ ಉಳಿದಿದ್ದರು. ಬಿಟ್ಟು ಹೋಗಬಲ್ಲೆ ಎಂಬುದಷ್ಟೇ ಸಾಕಾಗಿತ್ತು. ಕಾರ್ಡ್‌ರ ನಂತರ ಈ ಕ್ಷೇತ್ರದಲ್ಲಿ ನಾನು ಓದಿದ ಅತ್ಯುತ್ತಮ ಕೆಲಸ ಇದು.

ಇಷ್ಟೆಲ್ಲ ಆದರೂ ಈ ಸಂಶೋಧನೆಯ ಬಹುಪಾಲು ವಲಸಿಗ ತಲುಪಿದ ಊರಿನದು. ಅವನು ಬಿಟ್ಟುಬಂದ ಊರಿನ ಕೂಲಿ ಏನಾಯಿತು? ವಲಸೆಯಿಂದಾಗಿ ಮೆಕ್ಸಿಕೋದಲ್ಲಿ ಉಳಿದವರ ಕೂಲಿ ಏರಿತೆಂದು ಪ್ರಾಚಿ ಮಿಶ್ರಾ 2007ರಲ್ಲಿ ತೋರಿಸಿದರು. ಕೇರಳದಲ್ಲಿ ಝಕರಯ್ಯ ಮತ್ತು ಇರುದಯ ರಾಜನ್ 1998ರಲ್ಲಿ ಶುರುಮಾಡಿದ ವಲಸೆ ಸಮೀಕ್ಷೆ ಇಂದಿಗೂ ನಡೆಯುತ್ತಿದೆ. ಅಂಥ ಸುದೀರ್ಘ ಸರಣಿ ನಮ್ಮ ಕರ್ನಾಟಕದಲ್ಲಿಲ್ಲ. ರಾಯಚೂರು, ಯಾದಗಿರಿಗಳಿಂದ ಗುಳೆ ಹೋಗುವವರು ಮೇಸ್ತ್ರಿಯ ಮುಂಗಡ ಪಡೆದು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬರುತ್ತಾರೆ. ಸಾಲ ತೀರುವವರೆಗೆ ಕೆಲಸ ಬಿಡುವಂತಿಲ್ಲ, ಅದೂ ಒಂದು ಕಫಾಲಾವೇ. ಈ ಮುಂಗಡ ಅವರ ಕೂಲಿಯನ್ನು ಎಷ್ಟು ತಗ್ಗಿಸುತ್ತದೆ, ಊರಲ್ಲಿ ಉಳಿದ ಹೆಂಗಸರ ಹೊಲದ ಕೂಲಿ ಏರಿದೆಯೇ ಎಂಬುದನ್ನು ಅಳೆಯಲು ನೊಬೆಲ್ ಬೇಕಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳು ಒಂದೆರಡು ತಾಲ್ಲೂಕುಗಳಿಂದಾದರೂ ಈ ಲೆಕ್ಕವನ್ನು ಶುರುಮಾಡಲಿ, ಪ್ರತಿ ಐದು ವರ್ಷಕ್ಕೊಮ್ಮೆ ಅದೇ ಮನೆಗಳಿಗೆ ಮರಳಿ ಹೋಗಿ ಕೇಳಲಿ.