ಮಾಚಿಕಾಯಿಯಿಂದ ಕಾಫಿಪುಡಿಯವರೆಗೆ: ಕಪ್ಪು ಬಿಳುಪು ಫೋಟೋ ತೊಳೆದ ಕಥೆ



ನಮ್ಮ ಆದೋನಿ, ಆಲೂರು, ಕೌತಾಳಂ ಕಡೆ ಹಳೆಯ ವಿದ್ಯಾರ್ಥಿಗಳ ಮನೆಗೆ ಹೋದರೆ ಗೋಡೆಯ ಮೇಲೆ ಏಳನೆಯ ತರಗತಿಯದೋ ಹತ್ತನೆಯ ತರಗತಿಯದೋ ಒಂದು ಗ್ರೂಪ್ ಫೋಟೋ ಕಾಣಸಿಗುತ್ತದೆ. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಗುರುಗಳು, ಹಿಂದೆ ಬೆಂಚಿನ ಮೇಲೆ ನಿಂತ ಹುಡುಗರು. ಕೆಲವು ಚಿತ್ರಗಳು ಇಂದಿಗೂ ನಿಚ್ಚಳವಾಗಿವೆ, ಕೆಲವು ಹಳದಿಗೆ ತಿರುಗಿ ಮುಖ ಗುರುತು ಸಿಗದಂತಾಗಿವೆ. ಕಾರಣವೆಲ್ಲ ಕ್ಯಾಮೆರಾದಲ್ಲಿಲ್ಲ. ಕತ್ತಲೆ ಕೋಣೆಯಲ್ಲಿ ಅದನ್ನು ತೊಳೆದ ಔಷಧಿಯಲ್ಲಿ, ನೀರಿನಲ್ಲಿ, ಕೈಯಲ್ಲಿ ಇದೆ. ಆ ಔಷಧಿಯ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳುತ್ತೇವೆ. ನಾವು ಬಿ.ಎ. ಓದಿದವರು, ರಸಾಯನಶಾಸ್ತ್ರ ನಮ್ಮ ವಿಷಯವಲ್ಲ. ಆದರೂ ಇದು ನಮ್ಮ ಊರುಗಳ ಇತಿಹಾಸವೂ ಹೌದು.

ಫಿಲ್ಮಿನ ಮೇಲೆ ಬೆಳ್ಳಿಯ ಬ್ರೋಮೈಡ್ ಲೇಪ ಇರುತ್ತದೆ. ಬೆಳಕು ಬಿದ್ದ ಕಣಗಳನ್ನು ಮಾತ್ರ ಅಪಕರ್ಷಿಸಿ ಕಪ್ಪು ಬೆಳ್ಳಿಯಾಗಿಸುವುದು ಡೆವಲಪರಿನ ಕೆಲಸ. ಉಳಿದ ಬ್ರೋಮೈಡನ್ನು ಹೈಪೋ ಕರಗಿಸುತ್ತದೆ. ಆಮೇಲೆ ಆ ಹೈಪೋ ಹೋಗುವಷ್ಟು ನೀರಿನಲ್ಲಿ ತೊಳೆಯಬೇಕು. ನೀರಿಗೆ ತತ್ವಾರ ಇರುವ ನಮ್ಮಂಥ ಕಡೆ ತೊಳೆಯುವುದು ಅರ್ಧಕ್ಕೆ ನಿಂತರೆ, ಉಳಿದ ಹೈಪೋ ವರ್ಷಗಳ ಮೇಲೆ ಬೆಳ್ಳಿಯನ್ನು ತಿಂದು ಚಿತ್ರ ಹಳದಿಯಾಗುತ್ತದೆ.

ಈ ಸೀಮೆಯಲ್ಲಿ ಇಂಥ ಕೆಲಸ ಬಹಳ ಹಿಂದೆಯೇ ನಡೆದಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಹಂಪಿಯ ಚಿತ್ರಗಳನ್ನು ತೆಗೆದರು. ಆಗ ನಮ್ಮ ಆದೋನಿಯೂ ಹಂಪಿಯೂ ಒಂದೇ ಬಳ್ಳಾರಿ ಜಿಲ್ಲೆ. ಅಂದು ಫಿಲ್ಮು ಇರಲಿಲ್ಲ, ಮೇಣ ಹಚ್ಚಿದ ದೊಡ್ಡ ಕಾಗದಗಳೇ ನೆಗೆಟಿವ್. ಅಂಗಡಿಯಲ್ಲಿ ಡೆವಲಪರ್ ಪೊಟ್ಟಣ ಕೊಳ್ಳುವ ಕಾಲವೂ ಅಲ್ಲ, ಎಲ್ಲವನ್ನೂ ತಾವೇ ಕಲಸಬೇಕು. ಕಾಗದದ ನೆಗೆಟಿವ್‌ಗಳನ್ನು ತೊಳೆಯಲು ಆ ಕಾಲದಲ್ಲಿ ಬಳಸುತ್ತಿದ್ದುದು ಗ್ಯಾಲಿಕ್ ಆಮ್ಲ. ಅದನ್ನು ತೆಗೆಯುತ್ತಿದ್ದುದು ಮಾಚಿಕಾಯಿಯಿಂದ. ಹೌದು, ಬಾಣಂತಿ ಮದ್ದಿಗೆ ನಮ್ಮ ಅಜ್ಜಿಯರು ತೇಯುತ್ತಿದ್ದ ಅದೇ ಮಾಚಿಕಾಯಿ! ಗ್ರೀನ್‌ಲಾ ನೆಗೆಟಿವ್‌ಗಳು 1980ರಲ್ಲಿ ಇಂಗ್ಲೆಂಡಿನಲ್ಲಿ ಪತ್ತೆಯಾದವು. ಅವನ್ನು ಇಟ್ಟುಕೊಂಡು ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಅದೇ ಸ್ಥಳಗಳಲ್ಲಿ ನಿಂತು ಹಂಪಿಯನ್ನು ಮತ್ತೆ ಚಿತ್ರಿಸಿದರು. ಸ್ಮಾರಕಗಳು ಅಂದು ಹೇಗಿದ್ದವು ಎಂದು ತಿಳಿಯಲು ಇವತ್ತಿಗೂ ಆ ಕಾಗದಗಳೇ ಸಾಕ್ಷಿ.

ಆಮೇಲೆ ಕಂಪನಿಗಳ ಕಾಲ ಬಂತು. ಕೊಡಾಕ್ 1927ರಲ್ಲಿ ಡಿ-76 ಎಂಬ ಡೆವಲಪರ್ ಹೊರತಂದಿತು, ಮೊದಲಿಗೆ ಸಿನಿಮಾ ಫಿಲ್ಮಿಗಾಗಿ. ಅದರ ಅಳತೆ ಗುಟ್ಟೇನಲ್ಲ: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬಿಳಿಗಾರ 2 ಗ್ರಾಂ. ಬಿಳಿಗಾರ ಎಂದರೆ ಅಕ್ಕಸಾಲಿಗರು ಬೆಸುಗೆಗೆ ಬಳಸುವುದೇ, ತೆಲುಗಿನಲ್ಲಿ ವೆಲಿಗಾರಂ. ಕಲಸುವಾಗ ಸಲ್ಫೈಟಿಗಿಂತ ಮೊದಲು ಮೆಟಾಲ್ ಕರಗಿಸಬೇಕು, ಇಲ್ಲದಿದ್ದರೆ ಅದು ಸರಿಯಾಗಿ ಕರಗದು. ತಕ್ಕಡಿ ಇದ್ದ ಸ್ಟುಡಿಯೋದವರಿಗೆ ಡಬ್ಬಿ ಸಿಗದಿದ್ದರೂ ಚಿಂತೆ ಇರಲಿಲ್ಲ, ಬಿಡಿ ರಾಸಾಯನಿಕ ತಂದು ಕಲಸಿಕೊಳ್ಳಬಹುದಿತ್ತು.

ನಮ್ಮ ಬಿಸಿಲು ಮಾತ್ರ ಬೇರೆಯೇ ಸಮಸ್ಯೆ. ಪುಸ್ತಕದ ಅಳತೆಯೆಲ್ಲ 20 ಡಿಗ್ರಿಗೆ; ಮೇ ತಿಂಗಳ ನಮ್ಮ ನಲ್ಲಿ ನೀರು 30 ದಾಟಿರುತ್ತದೆ. ಬಿಸಿ ನೀರಿನಲ್ಲಿ ಫಿಲ್ಮಿನ ಜೆಲಟಿನ್ ಊದಿ ಅಂಚು ಏಳುತ್ತದೆ. ಅದಕ್ಕೆ ಟ್ರೇಯನ್ನು ಐಸಿನಲ್ಲಿ ಇಡುವುದು ಒಂದು ಉಪಾಯ. ಇನ್ನೊಂದು, ಉಷ್ಣ ದೇಶಗಳಿಗೆಂದೇ ಕೊಡಾಕ್ ಕೊಟ್ಟ ಡಿಕೆ-15 ಎಂಬ ಅಳತೆ. ಜೆಲಟಿನ್ ಊದದಂತೆ ಅದರಲ್ಲಿ ಸೋಡಿಯಂ ಸಲ್ಫೇಟ್ ಸೇರುತ್ತದೆ.

ಭಾರತದಲ್ಲಿ ಫಿಲ್ಮು ಮಾಡಲು ಸರ್ಕಾರ 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪಿಸಿತು. 1967ರಲ್ಲಿ ಉತ್ಪಾದನೆ ಶುರುವಾಯಿತು. ಅದರ ಫಿಲ್ಮು, ಕಾಗದಗಳ ಹೆಸರು ‘ಇಂದು’. ಚಂದ್ರ ಎಂದರ್ಥ, ಕನ್ನಡದವರು ‘ಇವತ್ತು’ ಎಂದು ಓದಿಕೊಂಡರೂ ಚೆಂದವೇ. 1996ರಲ್ಲಿ ಆ ಕಾರ್ಖಾನೆಯನ್ನು ರೋಗಗ್ರಸ್ತ ಉದ್ಯಮವೆಂದು ಘೋಷಿಸಿದರು, ಈಗ ಅದು ಮುಚ್ಚಿಯೇ ಹೋಗಿದೆ. ಜರ್ಮನಿಯ ಅಗ್ಫಾ ಫೋಟೋ 2005ರಲ್ಲಿ ದಿವಾಳಿಯಾಯಿತು. ಅದೇ ವರ್ಷ ಕೊಡಾಕ್ ಕಪ್ಪು ಬಿಳುಪು ಕಾಗದ ಮಾಡುವುದನ್ನು ನಿಲ್ಲಿಸಿತು. 2012ರ ಜನವರಿಯಲ್ಲಿ ಆ ಕಂಪನಿಯೂ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಕೊಡಾಕ್‌ನ ಮೈಕ್ರೋಡಾಲ್-ಎಕ್ಸ್ ಎಂಬ ಡೆವಲಪರಿನ ಅಳತೆಯನ್ನು ಕಂಪನಿ ಗುಟ್ಟಾಗಿ ಇಟ್ಟಿತ್ತು. ಮಾಡುವುದು ನಿಂತ ಮೇಲೆ ಬಳಸುತ್ತಿದ್ದವರು ಬೇರೆ ಕಂಪನಿಯ ಡಬ್ಬಿಗೆ ಹೊರಳಬೇಕಾಯಿತು. ಡಿ-76ರ ಅಳತೆ ಅಚ್ಚಾಗಿದ್ದರಿಂದ ಅದಕ್ಕೆ ಸಾವಿಲ್ಲ. ಅಗ್ಫಾದ ರೋಡಿನಾಲ್ 1891ರದು, ಪೇಟೆಂಟ್ ಎಂದೋ ಮುಗಿದಿತ್ತು. ಅಗ್ಫಾ ಮುಳುಗಿದರೂ ಬೇರೆಯವರು ಅದನ್ನು ಮಾಡುತ್ತಲೇ ಬಂದರು. ಜ್ವರದ ಪ್ಯಾರಾಸಿಟಮಾಲ್ ಮಾತ್ರೆಯನ್ನು ಸಲ್ಫೈಟ್, ಕಾಸ್ಟಿಕ್ ಸೋಡಾ ಜೊತೆ ಕಲಸಿ ಮನೆಯಲ್ಲೇ ಅದರ ತಮ್ಮನಂಥದ್ದನ್ನು ಮಾಡುವವರಿದ್ದಾರೆ. ಕಾಸ್ಟಿಕ್ ಸೋಡಾ ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು, ಆದ್ದರಿಂದ ಶಾಲೆಯಲ್ಲಿ ಅದು ಬೇಡವೇ ಬೇಡ.

ಶಾಲೆಗೆ ಹೊಂದುವುದು ಕಾಫಿ! 1995ರಲ್ಲಿ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ ಸ್ಕಾಟ್ ವಿಲಿಯಮ್ಸ್ ಎಂಬ ಅಧ್ಯಾಪಕರು ವಿದ್ಯಾರ್ಥಿಗಳ ಜೊತೆ ಸೇರಿ ಕಾಫಿಯಿಂದ ಫಿಲ್ಮು ತೊಳೆದು ತೋರಿಸಿದರು. ಕೆಫೆನಾಲ್ ಎಂದು ಅದರ ಹೆಸರು. ಮುಂದೆ ಅದಕ್ಕೆ ವಿಟಮಿನ್ ಸಿ ಸೇರಿಸಿದರು. ಬಳಕೆಯಲ್ಲಿರುವ ಒಂದು ಅಳತೆ ಹೀಗಿದೆ: ಒಂದು ಲೀಟರ್ ನೀರಿಗೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ, 20 ಡಿಗ್ರಿಯಲ್ಲಿ 15 ನಿಮಿಷ. ಹರಳು ಸೋಡಾ ಸಿಕ್ಕರೆ ಅದರಲ್ಲಿ ನೀರಿನ ಹತ್ತು ಅಣುಗಳಿರುವುದರಿಂದ ಸುಮಾರು 146 ಗ್ರಾಂ ಬೇಕು. ಹತ್ತನೆಯ ತರಗತಿಯ ಮಕ್ಕಳಿಗೆ ಒಳ್ಳೆಯ ಲೆಕ್ಕ ಇದು. ಅಡುಗೆ ಸೋಡಾ ನಡೆಯದು. ಹೈಪೋ ಮಾತ್ರ ಎಂದಿನಂತೆ ಬೇಕೇ ಬೇಕು. ಕೆಲಸ ಮಾಡುವುದು ಕೆಫೀನ್ ಎಂದು ಹೆಸರು ಕೇಳಿದವರಿಗೆ ಅನಿಸುತ್ತದೆ. ನಿಜವಾಗಿ ಕಾಫಿಯಲ್ಲಿರುವ ಕೆಫೀಕ್ ಆಮ್ಲದಂಥ ಪದಾರ್ಥಗಳು. ಅವು ಮಾಚಿಕಾಯಿಯ ಗ್ಯಾಲಿಕ್ ಆಮ್ಲದ ಹತ್ತಿರದ ಸಂಬಂಧಿಗಳೇ. 1856ರ ಹಂಪಿಗೂ ಇದಕ್ಕೂ ದೂರ ಅಷ್ಟೇನಿಲ್ಲ ನೋಡಿ.

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಅದಕ್ಕೂ ಹಿಂದಿನ ನಮ್ಮ ಕನ್ನಡ ಶಾಲೆಗಳ ಬೋರ್ಡು, ಕಟ್ಟಡ, ಗುರುಗಳ ಮುಖ ಇವೆಲ್ಲ ಉಳಿದಿದ್ದರೆ ಇಂಥ ಸ್ಟುಡಿಯೋ ಚಿತ್ರಗಳಲ್ಲೇ ಉಳಿದಿರಬೇಕು. ನಿಮ್ಮ ಊರಿನಲ್ಲಿ ಮುಚ್ಚಿದ ಸ್ಟುಡಿಯೋ ಇದ್ದರೆ ಅವರ ಮನೆಯವರನ್ನು ಒಮ್ಮೆ ಮಾತಾಡಿಸಿ. ನೆಗೆಟಿವ್ ಪೆಟ್ಟಿಗೆಯ ಜೊತೆ ಅಳತೆ ಬರೆದಿಟ್ಟ ನೋಟು ಪುಸ್ತಕವೂ ಇದೆಯೇ ಎಂದು ಕೇಳಿ. ಇದ್ದರೆ ಗುಜರಿಗೆ ಹೋಗುವ ಮೊದಲು ಪುಟಗಳ ಫೋಟೋ ತೆಗೆದುಕೊಳ್ಳಿ. ನೆಗೆಟಿವ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಕಾಗದದ ಲಕೋಟೆಯಲ್ಲಿ, ತಂಪಾದ ಒಣ ಜಾಗದಲ್ಲಿ ಇಡಿಸಿ.