ಪೇಟೆಯ ಮನೆಗೆ ಕಲೆಯ ಒಳಾಂಗಣ: ಮೊದಲು ಗೋಡೆ ಒಣಗಲಿ

ಪುತ್ತೂರು: ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಸುಳ್ಯ, ಕಡಬದ ತೋಟದ ಮನೆಗಳಿಂದ ಪುತ್ತೂರು ಪೇಟೆಗೆ ಬಂದು ನೆಲೆಸುವ ಯುವ ಕುಟುಂಬಗಳು ಇಂದು ಅಪರೂಪವಲ್ಲ. ಐದು ಸೆಂಟ್ಸ್ ಜಾಗ ಎಂದರೆ 2,178 ಚದರಡಿ. ಅದರಲ್ಲಿಯೇ ಎರಡು ಅಂತಸ್ತಿನ ಮನೆ ಏಳಬೇಕು. ಊರಿನ ಮನೆಯ ಅಂಗಳ, ಚಾವಡಿ, ಅಟ್ಟಗಳ ನೆನಪೂ ಅದರೊಳಗೆ ಉಳಿಯಬೇಕು. ಅಡಿಕೆಯ ಆದಾಯವೋ, ಉದ್ಯೋಗದ ಸಂಬಳವೋ ಜೊತೆಗಿದ್ದರೆ ಒಳಾಂಗಣವನ್ನು ಚಿತ್ರ, ಶಿಲ್ಪ, ಕೆತ್ತನೆಗಳಿಂದ ವೈಭವಯುತವಾಗಿ ಸಿಂಗರಿಸುವ ಆಸೆಯೂ ಸಹಜವೇ. ಆದರೆ ವರ್ಷಕ್ಕೆ 3,500 ಮಿ.ಮೀ.ಗೂ ಅಧಿಕ ಮಳೆ ಬೀಳುವ ಈ ನಾಡಿನಲ್ಲಿ ‘ಯಾವ ಚಿತ್ರ ಕೊಳ್ಳಬೇಕು’ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವ ಗೋಡೆ ಒಣಗಿರುತ್ತದೆ’ ಎಂಬುದು.

ತೇವವೇ ಮೊದಲ ಶತ್ರು

ಇದಕ್ಕೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಉತ್ತಮ ನಿದರ್ಶನ. ಇಟಲಿಯ ಕಲಾವಿದ ಆಂಟೋನಿಯೊ ಮೊಸ್ಕೆನಿ 19ನೇ ಶತಮಾನದ ಕೊನೆಯಲ್ಲಿ ಇಲ್ಲಿನ ಗೋಡೆಗಳ ಮೇಲೆ ಹಸಿ ಗಾರೆಯ ಭಿತ್ತಿಚಿತ್ರಗಳನ್ನೂ, ಮುಚ್ಚಿಗೆಗೆ ಕ್ಯಾನ್ವಾಸಿನ ತೈಲಚಿತ್ರಗಳನ್ನೂ ರಚಿಸಿದರು. ಒಂದು ಶತಮಾನ ತುಂಬುವ ಮೊದಲೇ ಅವುಗಳಿಗೆ ಚಿಕಿತ್ಸೆ ಅಗತ್ಯವಾಯಿತು. 1991ರಿಂದ 1994ರವರೆಗೆ ತಜ್ಞರು ಅವನ್ನು ಸಂರಕ್ಷಿಸಿದರು. ಅಷ್ಟು ದಪ್ಪ ಗೋಡೆಯ ಕಟ್ಟಡಕ್ಕೇ ಇಂತಹ ಆರೈಕೆ ಬೇಕಾದಲ್ಲಿ, ಆರಿಂಚಿನ ಗೋಡೆಯ ಹೊಸ ಮನೆಯ ಬಗ್ಗೆ ಹೇಳಬೇಕಾದುದೇ ಇಲ್ಲ.

ಮುರಕಲ್ಲು ನೀರನ್ನು ಹೀರಿಕೊಳ್ಳುವ ಕಲ್ಲು. ಮುಂಗಾರಿನ ಗಾಳಿ ಮಳೆಯನ್ನು ಹೊತ್ತು ತರುವುದು ನೈಋತ್ಯದಿಂದ. ಆದುದರಿಂದ ದಕ್ಷಿಣ ಹಾಗೂ ಪಶ್ಚಿಮದ ಹೊರಗೋಡೆಗಳ ಒಳಮೈಗೆ ಬೆಲೆಬಾಳುವ ಚಿತ್ರಗಳನ್ನು ತೂಗುಹಾಕಬಾರದು. ಮನೆಯ ನಡುಗೋಡೆಗಳೇ ಅವಕ್ಕೆ ಸುರಕ್ಷಿತ. ಸ್ನಾನದ ಕೋಣೆಗೆ ತಾಗಿದ ಗೋಡೆಯೂ ಸಲ್ಲದು. ಚೌಕಟ್ಟಿನ ಹಿಂಬದಿಯ ನಾಲ್ಕು ಮೂಲೆಗಳಿಗೆ ಮರದ ಅಥವಾ ಬೆಂಡಿನ ಚಿಕ್ಕ ತುಂಡುಗಳನ್ನು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಅರ್ಧ ಇಂಚು ಗಾಳಿಯಾಡಲು ಬಿಡಬೇಕು. ಗಾಜು ಚಿತ್ರದ ಮೈಗೆ ತಾಗದಂತೆ ನಡುವೆ ರಟ್ಟಿನ ಅಂಚನ್ನು ಇರಿಸಬೇಕು. ಇಲ್ಲವಾದಲ್ಲಿ ಆಷಾಢ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ. ಹೊಸ ಮನೆಯ ಗಾರೆ ಪೂರ್ಣವಾಗಿ ಆರಲು ಒಂದು ಬೇಸಿಗೆಯಾದರೂ ಕಾಯುವುದು ಲೇಸು. ಗೃಹಪ್ರವೇಶದ ದಿನವೇ ಎಲ್ಲ ಚಿತ್ರಗಳೂ ಗೋಡೆಯಲ್ಲಿರಬೇಕೆಂಬ ಹಠ ನಷ್ಟಕ್ಕೆ ದಾರಿ.

ಬೆಳಕಿನ ಲೆಕ್ಕ

ತೇವದ ನಂತರದ ಶತ್ರು ಬಿಸಿಲು. ಜಲವರ್ಣ, ಕಾಗದದ ಚಿತ್ರ ಹಾಗೂ ಬಟ್ಟೆಗಳಿಗೆ 50 ಲಕ್ಸ್, ತೈಲಚಿತ್ರಗಳಿಗೆ 200 ಲಕ್ಸ್ ಮೀರದ ಬೆಳಕು ಇರಬೇಕೆಂಬುದು ವಸ್ತುಸಂಗ್ರಹಾಲಯಗಳಲ್ಲಿ ರೂಢಿಯಲ್ಲಿರುವ ಅಳತೆ. ಮನೆಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸುವುದು ಕಷ್ಟವಾದರೂ, ನೇರ ಬಿಸಿಲು ಬೀಳುವ ಕಿಟಕಿಯ ಎದುರಿಗೆ ಕಸೂತಿಯ ಬಟ್ಟೆಯನ್ನೋ ಮೈಸೂರು ಶೈಲಿಯ ಚಿತ್ರವನ್ನೋ ಇರಿಸದಿರುವುದು ಸಾಧ್ಯ. ಊರಿನ ನಾಲ್ಕು ಸುತ್ತಿನ ಮನೆಗಳಲ್ಲಿ ನಡು ಅಂಗಳದಿಂದ ಬರುವ ಬೆಳಕು ಜಗಲಿಯನ್ನು ದಾಟಿ, ಮೆದುವಾಗಿ ಒಳಸೇರುತ್ತಿತ್ತು. ಐದು ಸೆಂಟ್ಸಿನ ಜಾಗದಲ್ಲಿ ಅಂಗಳಕ್ಕೆ ಅವಕಾಶವಿಲ್ಲದಿದ್ದರೂ, ಮೆಟ್ಟಿಲ ಮೇಲ್ಭಾಗದಲ್ಲಿ ಗಾಜಿನ ಹೆಂಚುಗಳನ್ನು ಅಳವಡಿಸಿ ಅಂಥದೇ ಬೆಳಕನ್ನು ಪಡೆಯಬಹುದಾಗಿದೆ.

ಮಣ್ಣು, ಮರ, ಕಾವಿ

ವೈಭವವೆಂದರೆ ಹೊರದೇಶದ ಅಮೃತಶಿಲೆಯೇ ಆಗಬೇಕೆಂದಿಲ್ಲ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಕರಾವಳಿಯ ಆವೆಮಣ್ಣು ದೇಶದ ಹಲವೆಡೆ ಮನೆಗಳ ಮಾಡನ್ನೇರಿತು. ಅದೇ ಮಣ್ಣಿನ ನೆಲಹಾಸು, ಜಾಲಂಧ್ರಗಳು ಇಂದಿನ ಒಳಾಂಗಣಕ್ಕೂ ಒಪ್ಪುತ್ತವೆ. ಕೆಂಪು ಆಕ್ಸೈಡಿನ ನೆಲ ನುರಿತ ಕೈಗಳಿಂದಾದರೆ ವರ್ಷ ಕಳೆದಂತೆ ಹೊಳಪೇರುತ್ತದೆ.

ಗೋಡೆಯ ಅಲಂಕಾರಕ್ಕೆ ಕರಾವಳಿಯದೇ ಆದ ಕಾವಿ ಕಲೆ ಇದೆ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಲೇಪ ಕೊಟ್ಟು, ಅದು ಹಸಿಯಾಗಿರುವಾಗಲೇ ಲೋಹದ ಮೊನೆಯಿಂದ ಗೀಚಿ ಒಳಗಿನ ಬಿಳುಪನ್ನು ತೆರೆಯುವುದು ಇದರ ವಿಧಾನ. ಬಣ್ಣ ಗಾರೆಯ ಭಾಗವೇ ಆಗಿಬಿಡುವುದರಿಂದ ಚೌಕಟ್ಟು, ಗಾಜುಗಳ ಗೊಡವೆಯಿಲ್ಲ. ಆದರೆ ಸಿಮೆಂಟಿನ ಗಾರೆಯ ಮೇಲೆ ಅಂಗಡಿಯ ಬಣ್ಣದಿಂದ ಬರೆದದ್ದು ಕಾವಿಯನ್ನು ಹೋಲುವ ಚಿತ್ರವಾಗುವುದೇ ಹೊರತು ಕಾವಿ ಕಲೆಯಾಗದು. ಕೆಲಸ ವಹಿಸುವಾಗ ಈ ವ್ಯತ್ಯಾಸವನ್ನು ಕೇಳಿ ತಿಳಿಯಬೇಕು.

ಕಂಬ ಬಂದದ್ದೆಲ್ಲಿಂದ?

ಇತ್ತೀಚಿನ ಒಳಾಂಗಣಗಳಲ್ಲಿ ಹಳೆಯ ಮನೆಗಳ ಕೆತ್ತನೆಯ ಕಂಬ, ಬಾಗಿಲುವಾಡ, ತೂಗುಮಂಚಗಳಿಗೆ ಬಹಳ ಬೇಡಿಕೆಯಿದೆ. ಬಿದ್ದುಹೋಗಲಿದ್ದ ಮನೆಯ ಮರ ಮರುಬಳಕೆಯಾದರೆ ಅದು ಒಳಿತೇ. ಆದರೆ ಕಂಬಕ್ಕೆ ಸಿಗುವ ಬೆಲೆಯೇ ಗಟ್ಟಿಯಾಗಿರುವ ಮನೆಯನ್ನು ಕಳಚಲು ಕಾರಣವಾದರೆ, ಒಂದು ಮನೆಯ ಸಿಂಗಾರಕ್ಕಾಗಿ ಇನ್ನೊಂದು ಮನೆ ಅಳಿದಂತಾಯಿತು. ತನ್ನದೇ ಕುಟುಂಬದ ಹಳೆಯ ಮನೆ ಸುಸ್ಥಿತಿಯಲ್ಲಿರುವಾಗ ಅದರ ಕಂಬವನ್ನು ಪೇಟೆಗೆ ತರುವುದಕ್ಕಿಂತ, ಅಂಥದೇ ಕಂಬವನ್ನು ಹಲಸು, ಹೆಬ್ಬಲಸಿನಲ್ಲಿ ಹೊಸದಾಗಿ ಕೆತ್ತಿಸುವುದು ಮೇಲು. ಕಾರ್ಕಳ ಸಮೀಪದ ಮಿಯಾರಿನ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹದ ಶಿಲ್ಪ ಕಲಿತು ಹೊರಬಂದ ಶಿಲ್ಪಿಗಳು ಕರಾವಳಿಯಲ್ಲಿದ್ದಾರೆ.

ಕಾನೂನಿನ ಎಚ್ಚರವೂ ಅಗತ್ಯ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ 100 ವರ್ಷ ಮೀರಿದ ಶಿಲ್ಪ, ಲೋಹವಿಗ್ರಹ, ವರ್ಣಚಿತ್ರಗಳಂಥ ವಸ್ತುಗಳು ನೋಂದಣಿಗೆ ಒಳಪಡುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಮೂಲದ ದಾಖಲೆಯಿಲ್ಲದ ವಿಗ್ರಹ ಎಷ್ಟೇ ಸುಂದರವಾಗಿದ್ದರೂ ಯಾವುದೋ ಗುಡಿಯಿಂದ ಕಳವಾದದ್ದಾಗಿರಬಹುದು.

ದೈವದ ಮೊಗ ಗೋಡೆಗೆ ಸಲ್ಲದು

ಪೇಟೆಯ ಒಳಾಂಗಣಗಳಲ್ಲಿ ದೈವಗಳ ಮೊಗವನ್ನು ಅಲಂಕಾರಕ್ಕೆ ಇರಿಸುವುದೂ ಕಂಡುಬರುತ್ತದೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಮರದ ಉರುಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ ನಿಜ. ಆದರೆ ವಸ್ತುಸಂಗ್ರಹಾಲಯದ ಸಂರಕ್ಷಣೆ ಬೇರೆ, ಊಟದ ಮೇಜಿನ ಮೇಲಣ ಅಲಂಕಾರ ಬೇರೆ. ತುಳುನಾಡಿನಲ್ಲಿ ಮೊಗ, ಆಯುಧಗಳು ಭಂಡಾರಕ್ಕೆ ಸೇರಿದವು. ಅವು ನಂಬಿದವರ ಪಾಲಿಗೆ ಬರಿಯ ಕಲಾಕೃತಿಗಳಲ್ಲ. ಮನೆಗೆ ಬಂದ ಹಿರಿಯರು ಚಪ್ಪಲಿ ಕಳಚಿ ಕೈಮುಗಿಯಬೇಕೋ, ನೋಡಿಯೂ ನೋಡದಂತಿರಬೇಕೋ ಎಂಬ ಇಕ್ಕಟ್ಟಿಗೆ ಸಿಲುಕಬಾರದು. ರಂಗದ ಕಲೆಯ ಸ್ಪರ್ಶ ಬೇಕೆನ್ನುವವರು ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ಪ್ರಸಾಧನ ತಯಾರಕರಿಂದಲೇ ಹೊಸದಾಗಿ ಮಾಡಿಸಬಹುದು. ಅದರಿಂದ ಅವರ ಕಸುಬಿಗೂ ಆಧಾರ.

ಮಕ್ಕಳಿರುವ ಮನೆ

ಹಳೆಯ ಬಾಗಿಲಿನ ಬಣ್ಣವನ್ನು ಉಜ್ಜಿ ತೆಗೆಯುವಾಗ ಏಳುವ ಧೂಳಿನಲ್ಲಿ ಸೀಸ ಇರುವ ಸಂಭವವಿದೆ. ಗೃಹಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಆದುದರಿಂದ ಈ ಕೆಲಸವನ್ನು ಮಕ್ಕಳಿರುವ ಮನೆಯಲ್ಲಿ ಮಾಡದೆ ಬಡಗಿಯ ಕೊಟ್ಟಿಗೆಯಲ್ಲಿಯೇ, ಉಜ್ಜುವ ಜಾಗವನ್ನು ಒದ್ದೆ ಮಾಡಿಕೊಂಡು ಮುಗಿಸಬೇಕು. ಎತ್ತರದ ಕಪಾಟುಗಳನ್ನು ಗೋಡೆಗೆ ಬಿಗಿಯಬೇಕು. ಭಾರದ ಕಂಚಿನ ವಿಗ್ರಹಗಳನ್ನು ಗೂಡುಗಳಲ್ಲಿ ಇರಿಸಬೇಕು. ಮಕ್ಕಳ ಕೈಗೆಟಕುವ ಎತ್ತರಕ್ಕೆ ಅರಗಿನ ಬಣ್ಣದ ಚನ್ನಪಟ್ಟಣದ ಗೊಂಬೆಗಳು ಹೊಂದುತ್ತವೆ.

ಖರ್ಚಿನ ಕ್ರಮ

ಮೊದಲ ಹಣ ತೇವನಿರೋಧಕ್ಕೆ ಮತ್ತು ಗೆದ್ದಲಿನ ಚಿಕಿತ್ಸೆಗೆ, ಎರಡನೆಯದು ನೆಲ ಹಾಗೂ ಮರಗೆಲಸಕ್ಕೆ, ಮೂರನೆಯದು ಬೆಳಕಿನ ವ್ಯವಸ್ಥೆಗೆ. ಕಲಾಕೃತಿಗಳ ಸರದಿ ಕೊನೆಯದು. ಅವನ್ನು ವರ್ಷಕ್ಕೊಂದರಂತೆ ಕೊಂಡರೂ ಸಾಕು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರಿಂದಲೇ ನೇರವಾಗಿ ಚಿತ್ರ ಖರೀದಿಸುವ ಅವಕಾಶವಿದೆ. ರಚಿಸಿದವರ ಸಹಿ, ವರ್ಷ ಮತ್ತು ರಸೀದಿಯನ್ನು ಕೇಳಿ ಪಡೆದು ಕಾದಿರಿಸಬೇಕು.

ಒಂದು ಗೋಡೆಯನ್ನು ಮಾತ್ರ ಬರಿದಾಗಿ ಬಿಡುವುದು ಒಳ್ಳೆಯದು. ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ಡಾ. ಶಿವರಾಮ ಕಾರಂತರು (1902–1997) ಮಕ್ಕಳಿಗೆ ಆಟ, ಬಣ್ಣ, ಕುಣಿತಗಳ ಮೂಲಕ ಕಲಿಸುವ ಪ್ರಯೋಗ ನಡೆಸಿದ್ದರು. ಅವರು ವಾಸವಾಗಿದ್ದ ಮನೆ ಇಂದಿಗೂ ಅಲ್ಲಿದೆ. ಒಳಾಂಗಣದ ನಕ್ಷೆ ಬರೆಸುವ ಮುನ್ನ ಮಕ್ಕಳನ್ನು ಅಲ್ಲಿಗೊಮ್ಮೆ ಕರೆದೊಯ್ದರೆ, ಆ ಬರಿಯ ಗೋಡೆ ಯಾರಿಗಾಗಿ ಎಂಬುದನ್ನು ಹೆತ್ತವರಿಗೆ ಬೇರೆಯಾಗಿ ಹೇಳಬೇಕಾಗದು.